‘ಕೊಳ್ಳಿ’ ಎಂಬ ಗುಂಡಿ

ಆ ದಿನ ಮಧ್ಯಾಹ್ನ ಫೋನ್ ಮಾಡಿದ್ದ ಅಮ್ಮನವರಿಗೆ,

ನಮಸ್ಕಾರ. ಆನ್‌ಲೈನಿನಲ್ಲಿ ಸಿನಿಮಾ ಮಾರುವ ಕಂಪನಿಯಿಂದ ನಿಮ್ಮೊಡನೆ ಮಾತಾಡಿದವನು ನಾನೇ. ನನ್ನ ಮುಖ ನಿಮಗೆ ಗೊತ್ತಿಲ್ಲ. ಒಳ್ಳೆಯದೇ ಆಯಿತು.

ನಿಮ್ಮ ಯಜಮಾನರು ಸಿನಿಮಾಗಳಿಗೆ ದನಿ ಕೊಡುತ್ತಿದ್ದವರು, ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ‘ಗುಡುಗು’ ಎನ್ನುತ್ತಿದ್ದರು ಎಂದು ನೀವೇ ಹೇಳಿದಿರಿ. ಅವರು ತೀರಿಕೊಂಡ ಮೇಲೆ, ಮುದಿ ಅಂಚೆಯವನ ಪಾತ್ರಕ್ಕೆ ಅವರು ಮಾತಾಡಿದ್ದ ಒಂದೇ ಒಂದು ಸಿನಿಮಾ ನಮ್ಮಲ್ಲಿ ಸಿಕ್ಕಿತು. ಕೊಂಡಿರಿ, ಡೌನ್‌ಲೋಡ್ ಮಾಡಿಟ್ಟುಕೊಂಡಿರಿ, ದಿನಾ ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದಿರಿ. ಒಂದು ಬೆಳಿಗ್ಗೆ ನೋಡಿದರೆ ಫೋನಿನ ಪಟ್ಟಿಯಲ್ಲಿ ಅದು ಇರಲಿಲ್ಲ.

“ಕದ್ದು ನೋಡಿದ್ದಲ್ಲಪ್ಪಾ. ‘ಕೊಳ್ಳಿ’ ಅಂತ ಬರೆದಿತ್ತು, ಕೊಂಡ್ಕೊಂಡೆ. ಕೊಂಡಿದ್ದು ಎಲ್ಲಿಗೆ ಹೋಯ್ತು?”

ನನ್ನೆದುರು ಅಂಟಿಸಿದ್ದ ಚೀಟಿ ನೋಡಿಕೊಂಡು ಗಿಳಿಪಾಠ ಒಪ್ಪಿಸಿದೆ: “ಮೇಡಂ, ನೀವು ಕೊಂಡಿದ್ದು ಚಿತ್ರವನ್ನಲ್ಲ, ನೋಡುವ ಅನುಮತಿಯನ್ನು.” ನೀವು ಬೈಯಲಿಲ್ಲ. “ಹಾಗಂತ ಗುಂಡಿ ಮೇಲೆ ಬರೀಬೇಕಿತ್ತಲ್ಲಾ, ಮಗಾ” ಅಂದಿರಿ. ಫೋನಿಟ್ಟ ಮೇಲೆ ಬಾಯಿ ತೊಳೆದುಕೊಂಡು ಬಂದೆ. ಎಂಜಲು ಮಾತು, ಹೋಗಲಿಲ್ಲ.

ಅಂದು ಬಿಡಿಸಿ ಹೇಳಬೇಕಾಗಿದ್ದನ್ನು ಈಗ ಹೇಳುತ್ತೇನೆ. ಚಿತ್ರದ ಹಕ್ಕುದಾರರಿಂದ ನಾವು ಇಷ್ಟು ವರ್ಷಕ್ಕೆಂದು ಹಕ್ಕು ಪಡೆಯುತ್ತೇವೆ. ನೀವು ಇಳಿಸಿಕೊಂಡ ಫೈಲು ನಿಮ್ಮ ಫೋನಿನಲ್ಲೇ ಇರುತ್ತದೆ, ಆದರೆ ಅದಕ್ಕೆ ಬೀಗ. ಬೀಗದ ಕೈ ನಮ್ಮಲ್ಲಿ. ನಮ್ಮ ಆ್ಯಪ್ ಆಗಾಗ ಕಂಪನಿಯನ್ನು ಕೇಳುತ್ತದೆ: ತೆರೆಯಲೋ ಬೇಡವೋ? ಒಪ್ಪಂದ ಮುಗಿದ ದಿನ ನಾವು ‘ಬೇಡ’ ಎನ್ನುತ್ತೇವೆ. ನಿಮ್ಮ ಮನೆಯೊಳಗಿನ ಪೆಟ್ಟಿಗೆ, ನಮ್ಮ ಅಪ್ಪಣೆ. ಎಲ್ಲವೂ ಕಾನೂನುಬದ್ಧ, ಯಾರೂ ಓದದ ಉದ್ದನೆಯ ಷರತ್ತುಗಳಲ್ಲಿ ಬರೆದೇ ಇದೆ.

ಗುಂಡಿಯ ಮೇಲಿನ ಪದ ಬದಲಿಸೋಣ ಎಂದು ಮೇಲ್ವಿಚಾರಕನನ್ನು ಕೇಳಿದೆ. ಚ್ಯೂಯಿಂಗ್ ಗಮ್ ಜಗಿಯುತ್ತಲೇ ನಕ್ಕ. “ಇರೋವರೆಗೂ ನೋಡ್ಕೊಳ್ಳಿ ಅಂತ ಬರೆದ್ರೆ ಯಾವನು ಒತ್ತುತ್ತಾನೆ? ಸುಮ್ನೆ ಕೆಲ್ಸ ನೋಡು.” ಗುಂಡಿ ಒತ್ತುವುದಕ್ಕೂ ಹೌದು, ಬೀಳುವುದಕ್ಕೂ ಹೌದು ಎಂದು ಆಗ ತಿಳಿಯಿತು.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೊಸ ಒಪ್ಪಂದವಾಗಿ ಆ ಚಿತ್ರ ಮರಳಿದೆ. “ಸಿಹಿ ಸುದ್ದಿ!” ಎಂಬ ಸಂದೇಶ ಸದ್ಯದಲ್ಲೇ ನಿಮಗೂ ಬರುತ್ತದೆ. ದಯವಿಟ್ಟು ಒತ್ತಬೇಡಿ. ನಾನು ಹಾಕಿ ಕೇಳಿದೆ. ಅಂಚೆಯವನು ಬಾಯಿ ತೆರೆದರೆ ಯಾವನೋ ನುಣುಪು ಗಂಟಲಿನ ಹುಡುಗ ಮಾತಾಡುತ್ತಾನೆ. ಹಳೆಯ ದನಿಗಳ ಹಕ್ಕು ಯಾರದೆಂದು ಹುಡುಕುವ ತಲೆನೋವೇಕೆ ಎಂದು ಎಲ್ಲರ ಮಾತನ್ನೂ ಹೊಸದಾಗಿ ಹಾಕಿಸಿದ್ದಾರಂತೆ. ಒಬ್ಬ ಮನುಷ್ಯನ ಗಂಟಲನ್ನು ಹೀಗೆ ಒರೆಸಿಹಾಕಿ, ಅದಕ್ಕೆ ಸಿಹಿ ಸುದ್ದಿ ಎಂದು ಹೆಸರಿಡುತ್ತಾರಲ್ಲ!

ಭಾನುವಾರ ಆ ಹಳೆಯ ಸ್ಟುಡಿಯೋ ಹುಡುಕಿಕೊಂಡು ಹೋದೆ. ಈಗ ಅದು ಬಚ್ಚಲುಮನೆಯ ಟೈಲ್ಸ್ ಗೋದಾಮು. ಅಲ್ಲಿ ಸಿಕ್ಕ ವಿಳಾಸ ಹಿಡಿದು, ಆಗ ಧ್ವನಿಮುದ್ರಣ ಮಾಡುತ್ತಿದ್ದ ಹಿರಿಯರ ಮನೆ ಮುಟ್ಟಿದೆ.

“ಗುಡುಗಾ? ಎಲ್ಲರನ್ನೂ ಮೈಕಿನ ಹತ್ರ ಎಳೀತಿದ್ದೆ, ಅವನನ್ನ ಮಾತ್ರ ಎರಡು ಹೆಜ್ಜೆ ಹಿಂದೆ ತಳ್ತಿದ್ದೆ!” ಎಂದು ನಕ್ಕರು. ಅಂಚೆಯವನ ಮಾತಿನ ಹಳೆಯ ಟೇಪು ಅವರ ಅಲಮಾರಿಯಲ್ಲಿದೆ, ಅದನ್ನು ಹಾಕುವ ಯಂತ್ರವೂ ಓಡುತ್ತದೆ. ನಿಮಗಾಗಿ ಒಂದು ಪ್ರತಿ ಮಾಡಿಕೊಡಿ ಎಂದು ಅವರನ್ನು ಬೇಡಿದೆ. ಆಗದೆಂದು ತಲೆಯಾಡಿಸಿಬಿಟ್ಟರು. “ಪ್ರತಿ ಮಾಡೋ ಹಕ್ಕು ನಂಗಿಲ್ಲಪ್ಪಾ.”

ಇಲ್ಲೂ ಅದೇ ರಾಗವೇ ಎಂದು ಎದ್ದೆ. ತೋಳು ಹಿಡಿದು ಕೂರಿಸಿದರು.

“ಗಂಡನ ದನಿ ಹೆಂಡ್ತಿ ನಮ್ಮನೇಲಿ ಕೂತು ಕೇಳೋಕೆ ಯಾವನ ಅಪ್ಪಣೆ ಬೇಕು? ಆ ತಾಯಿಗೆ ಬರೋಕೆ ಹೇಳು. ಎಷ್ಟು ಸಲ ಬೇಕಾದ್ರೂ ಬರ್ಲಿ.”

ಅವರ ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ನಿಮ್ಮ ವಿಳಾಸವನ್ನು ಕಂಪನಿಯ ದಾಖಲೆಯಿಂದ ಕದ್ದೆ. ಈ ಇಡೀ ವ್ಯವಹಾರದಲ್ಲಿ ಕಾನೂನು ಮೀರಿದವನು ನಾನೊಬ್ಬನೇ. ಕೆಲಸ ಇನ್ನೂ ಬಿಟ್ಟಿಲ್ಲ. ಅದರ ನಾಚಿಕೆ ನನಗಿರಲಿ, ನೀವು ಮಾತ್ರ ತಡಮಾಡದೆ ಹೋಗಿ ಬನ್ನಿ.

ನಿಮ್ಮ ಕಿವಿ ತಂಪಾಗಲಿ, ಅಮ್ಮಾ.

ಇತಿ,
ಕ್ಷಮೆ ಕೇಳಲೂ ಮುಖವಿಲ್ಲದ,
ಫೋನಿನ ಆಚೆ ಬದಿಯವನು