ನಕ್ಷೆ ಮಾಯವಾದ ಗಳಿಗೆ

ಮನೆ,
ಮಂಗಳವಾರ ಸಂಜೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಕೆಮ್ಮು ಪೂರ್ತಿ ಹೋಯಿತೇ? ನರ್ಸಿಂಗ್ ತರಬೇತಿ ಎಂದು ಹಗಲೆಲ್ಲ ನಿಂತೇ ಇರುತ್ತೀಯ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲದೆ ಅವಳಿಗೆ ಬೈಯಲು ನಾನೊಬ್ಬನೇ ಸಿಗುತ್ತೇನೆ, ಅಷ್ಟೇ.

ನನ್ನ ಬಲಗೈ ನಡುಕ ನೀನು ಕಂಡದ್ದಕ್ಕಿಂತ ಹೆಚ್ಚಾಗಿದೆ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಕಾದ ಹಂಚಿನ ಮೇಲೆ ನಿಂತ ಹಾಗೆ ಕುಣಿಯುತ್ತದೆ. ರಜೆಯಲ್ಲಿ ಬಂದಾಗ ನೀನು, "ಅಪ್ಪಾ, ಮೌಸ್ ಮರೆತುಬಿಡು, ಕೀಬೋರ್ಡೇ ಸಾಕು" ಎಂದು ಪಕ್ಕದಲ್ಲಿ ಕೂತು ಕಲಿಸಿದ್ದರಿಂದಲೇ ಆಂಬುಲೆನ್ಸ್ ಕಚೇರಿಯಲ್ಲಿ ನನ್ನ ಕುರ್ಚಿ ಇಷ್ಟು ದಿನ ಉಳಿಯಿತು. ವಿಂಡೋಸ್ ಕೀ ಹಿಡಿದು ಎಡಬಾಣ ಒತ್ತಿದರೆ ನಕ್ಷೆ ಎಡಕ್ಕೆ, ಬಲಬಾಣ ಒತ್ತಿದರೆ ಕರೆ ಮಾಡಿದವರ ವಿವರ ಬಲಕ್ಕೆ. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಖಾಲಿ ಇರುವ ಗಾಡಿಗಳು ಕಣ್ಣೆದುರಿಗೆ. ಪಕ್ಕದ ಮೇಜಿನ ಹುಡುಗಿ, "ಏನ್ ಸಾರ್, ಹಾರ್ಮೋನಿಯಂ ಕಲೀತಿದ್ದೀರಾ?" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಕೈ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿರುತ್ತಿದ್ದೆ.

ನಿನ್ನೆ ಬೆಳಿಗ್ಗೆ ಒಬ್ಬ ಹೆಂಗಸಿನ ಕರೆ ಬಂತು. ಗಂಡ ಬಚ್ಚಲಲ್ಲಿ ಬಿದ್ದಿದ್ದಾರೆ, ಉಸಿರಾಡಲು ಕಷ್ಟಪಡುತ್ತಿದ್ದಾರೆ ಎಂದಳು. ಹೊಸ ಬಡಾವಣೆ, ಬೀದಿಗೆ ಇನ್ನೂ ಹೆಸರಿಲ್ಲ, ಮನೆ ನೀರಿನ ಟ್ಯಾಂಕಿನ ಹಿಂದೆ. ನಕ್ಷೆಯಲ್ಲಿ ಟ್ಯಾಂಕು ಸಿಕ್ಕಿತು. ನಕ್ಷೆಯನ್ನು ಎಡಕ್ಕೆ ಸರಿಸಬೇಕು, ಅಷ್ಟೇ. ಎಡಗೈ ವಿಂಡೋಸ್ ಕೀ ಮೇಲಿತ್ತು. ಬಾಣದತ್ತ ಹೊರಟ ಬಲಗೈ ಅದುರಿ ಎಮ್ ಅಕ್ಷರಕ್ಕೆ ಬಡಿಯಿತು. ಒಂದೇ ಸಲಕ್ಕೆ ಎಲ್ಲ ಮಾಯ. ನಕ್ಷೆಯಿಲ್ಲ, ವಿವರವಿಲ್ಲ, ಬರೀ ನೀಲಿ ಪರದೆ. ಮತ್ತೆ ಒತ್ತಿದೆ, ಏನೂ ಆಗಲಿಲ್ಲ. ಶಿಫ್ಟ್ ಸೇರಿಸಿ ಒತ್ತಿದರೆ ವಾಪಸ್ ಬರುತ್ತದೆಂದು ನೀನು ಹೇಳಿದ್ದು ನೆನಪಿತ್ತು, ಗುಬ್ಬಿ. ಆದರೆ ಮೂರು ಕೀಗಳನ್ನು ಒಟ್ಟಿಗೆ ಹಿಡಿಯಲು ಕೈ ಕೇಳಲಿಲ್ಲ. ಕಿವಿಯಲ್ಲಿ ಅವಳು, "ಹಲೋ, ಇದ್ದೀರಾ? ಏನಾದ್ರೂ ಮಾತಾಡಿ" ಎನ್ನುತ್ತಿದ್ದಳು.

ಕೊನೆಗೆ ಪಕ್ಕದ ಹುಡುಗಿ ಎದ್ದು ಬಂದು ನನ್ನ ಕೈ ಸರಿಸಿ ತಾನೇ ಒತ್ತಿದಳು. ಎಲ್ಲ ವಾಪಸ್ ಬಂತು, ಗಾಡಿ ಹೊರಟಿತು. ಆ ಮನುಷ್ಯ ಬದುಕಿದ. ಆದರೆ ಡ್ರೈವರ್ ಹಿಂದಿರುಗಿ, "ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು ಸಾರ್" ಎಂದಾಗ ನಾನು ಕಿವಿಯ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಏನಾಯಿತೆಂದು ಕೇಳಿದ್ದರೆ ಚೆನ್ನಾಗಿತ್ತು.

ಮೈ ಕಡೆ ಗಮನವಿರಲಿ. ನಿನ್ನ ಕೈಗೆ ಸಿಕ್ಕ ರೋಗಿಗಳೆಲ್ಲ ನಗುತ್ತಾ ಮನೆಗೆ ಹೋಗಲಿ.

ನಿನ್ನ
ಅಪ್ಪ

ತಾ.ಕ.: ಇವತ್ತು ಮೇಲ್ವಿಚಾರಕರಿಗೆ ನಾನೇ ಎಲ್ಲ ಹೇಳಿಬಿಟ್ಟೆ. "ನಾಳೆಯಿಂದ ಫೋನ್ ಹತ್ರ ಕೂರೋದು ಬೇಡ" ಎಂದರು. ಬೇರೆ ಕೆಲಸ ಕೊಡುವ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮಮ್ಮ ಈಗ ಅಡುಗೆಮನೆಯಲ್ಲಿ ನಾಳೆಗೆಂದು ನನ್ನ ಊಟದ ಡಬ್ಬಿ ತೊಳೆಯುತ್ತಿದ್ದಾಳೆ. ಅವಳಿಗೆ ಹೇಗೆ ಹೇಳಲಿ ಮಗಳೇ? ಒಂದೆರಡು ದಿನಕ್ಕಾದರೂ ಬಾ.