ನಿನ್ನ ಧಾರಾವಾಹಿಯ ಆ ಗಂಡ

ಯೋಸು,
ನವೆಂಬರ್ ೫, ೨೦೧೮, ಸೋಮವಾರ

ನನ್ನ ಮುದ್ದು ಹ್ಯೆರಾನ್,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಮೊಕ್ಪೊದ ಮನೆ ಬಿಟ್ಟು ಇಂದಿಗೆ ಎಂಟು ದಿನ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ಸಮಾಧಾನ ಮಾಡುವುದರಲ್ಲೇ ನನ್ನ ಮಾತು ಮುಗಿದುಹೋಗುತ್ತದೆ. ಅದಕ್ಕೇ ಕಾಗದ.

ಎಲ್ಲ ಶುರುವಾದದ್ದು ನೀನು ಬರೆಯುವ ಧಾರಾವಾಹಿಯಿಂದ. ಹೋದ ತಿಂಗಳು ಒಂದು ಶನಿವಾರ ಸಂಜೆ ಎಂದಿನಂತೆ ನಿನ್ನ ಅಪ್ಪ, ನಿನ್ನ ಸೋದರತ್ತೆ, ನಾನು ಟೀವಿ ಮುಂದೆ ಕೂತಿದ್ದೆವು. ಮಗಳು ಬರೆದದ್ದೆಂದು ಅಪ್ಪನಿಗೆ ಎಷ್ಟು ಜಂಬ ಗೊತ್ತಾ! ಅವತ್ತಿನ ಕಂತಿನಲ್ಲಿ ಹೆಂಡತಿಗೆ ಹೆರಿಗೆ ನೋವು. ಗಂಡ ಗೆಳೆಯರ ಜೊತೆ ಗಾಳ ಹಿಡಿದು ದ್ವೀಪಕ್ಕೆ ಹೋಗಿದ್ದಾನೆ. ಆ ಕಥೆ ನಿನಗೆ ಹೇಳಿದವಳು ನಾನೇ ತಾನೆ.

ಅಪ್ಪ ತೊಡೆ ತಟ್ಟಿಕೊಂಡು, "ಥೂ, ಇವನೂ ಒಬ್ಬ ಗಂಡಸಾ! ಇಂಥೋನ ಜೊತೆ ಅವಳು ಹೆಂಗಾದ್ರೂ ಬಾಳ್ತಾಳೋ!" ಎಂದರು.

ನಾನು ಮರಸೇಬಿನ ಸಿಪ್ಪೆ ತೆಗೆಯುತ್ತಲೇ, "ಬಾಳಿದೀನಲ್ರೀ, ಮೂವತ್ನಾಲ್ಕು ವರ್ಷ," ಎಂದೆ.

ನಿನ್ನ ಸೋದರತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಅಪ್ಪ, "ನಾನಾ? ನಾನ್ ಯಾವಾಗ ಹೋಗಿದ್ದೆ?" ಎಂದರು. ನಟನೆಯಲ್ಲ ಮಗಳೇ, ನಿಜಕ್ಕೂ ಮರೆತಿದ್ದರು. ಹೋದದ್ದನ್ನು ನಾನು ಎಂದೋ ಕ್ಷಮಿಸಿದ್ದೆ. ಮರೆತದ್ದು ಮಾತ್ರ ಎದೆಗೆ ನಾಟಿತು.

ನನ್ನ ಬಾಲ್ಯದ ಗೆಳತಿ ಬೋಕ್‌ಸಿಮ್ ಇಲ್ಲಿ ಕಿಮ್ಚಿ ಉಪ್ಪಿನಕಾಯಿ, ಪಲ್ಯಗಳ ಅಂಗಡಿ ಇಟ್ಟಿದ್ದಾಳಲ್ಲ, ಮೂರು ವರ್ಷದಿಂದ ಜೊತೆಗೆ ಬಾ ಎಂದು ಕರೆಯುತ್ತಿದ್ದಳು. ಮಾರನೆಯ ದಿನವೇ ಒಪ್ಪಿಕೊಂಡೆ. ಅಪ್ಪನಿಗೆ ಹೇಳಿದೆ: "ವಿಚ್ಛೇದನ ಅಲ್ಲ ಕಣ್ರೀ, ಬೇರೆ ಊರಲ್ಲಿರೋದು. ಈಗಿನೋರು ಇದಕ್ಕೆ ಮದುವೆಯಿಂದ ಪದವಿ ತಗೊಳ್ಳೋದು ಅಂತಾರೆ. ನಾನು ಪಾಸಾದೆ, ಅಷ್ಟೆ."

"ನನ್ನ ಊಟ?"

"ಅನ್ನದ ಕುಕ್ಕರಿಗೆ ಇರೋದು ಎರಡೇ ಗುಂಡಿ. ಹಡಗಿನ ಎಂಜಿನ್ ಬಿಚ್ಚಿ ಜೋಡಿಸಿದೋರಿಗೆ ಅದೇನು ಮಹಾ?"

ಹೊರಟ ದಿನ ತಾವೇ ನನ್ನ ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣಕ್ಕೆ ಬಂದರು. ಬಸ್ಸು ಹೊರಡುವಾಗ ಕಿಟಕಿ ಕೆಳಗೆ ನಿಂತು, "ಹ್ಯೆರಾನ್ ಹುಟ್ಟಿದ್ದು ಬೆಳಗ್ಗೇನಾ, ಸಂಜೇನಾ?" ಎಂದು ಕೇಳಿದರು. "ಬೆಳಗ್ಗೆ, ಹಿಮ ಬೀಳ್ತಿತ್ತು," ಎಂದೆ. ತಲೆಯಾಡಿಸಿದರು. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದರು.

ಕೊನೆಯ ಕಂತಿನಲ್ಲಿ ಹೆಂಡತಿಯನ್ನು ಮನೆಗೆ ಮರಳಿಸಲೋ, ಬೇರ್ಪಡಿಸಲೋ ಎಂದು ಕೇಳಿದ್ದೆಯಲ್ಲ. ನಿನ್ನ ನಿರ್ದೇಶಕರಿಗೆ ಬಾಗಿಲಲ್ಲಿ ಕಣ್ಣೀರು ಬೇಕಂತೆ, ಬಿಡು. ಅವಳಿಗೆ ಚೆನ್ನಾಗಿ ಬರುವ ಒಂದು ಕೆಲಸ ಕೊಡು, ಬಾಗಿಲ ಕೀಲಿ ಅವಳ ಕೈಗೇ ಕೊಡು. ಇಲ್ಲಿ ನಾನು ಹಾಕಿದ ಸಾಸಿವೆ ಸೊಪ್ಪಿನ ಕಿಮ್ಚಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ. ಬೋಕ್‌ಸಿಮ್‌ಗೆ ಹೊಟ್ಟೆಕಿಚ್ಚು!

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಪ್ಯೊ ಮಾಲ್ಸುನ್
(ನನ್ನ ಹೆಸರನ್ನು ನಾನೇ ಬರೆದು ಎಷ್ಟು ಕಾಲವಾಗಿತ್ತು!)

ಮರೆತ ಮಾತು: ಶನಿವಾರದ ಕಂತನ್ನು ಇಲ್ಲಿಗೇ ಬಂದು ನೋಡಲೇ ಎಂದು ಅಪ್ಪ ಕೇಳಿದ್ದಾರೆ. ಬನ್ನಿ, ಆದರೆ ನೆಂಟರ ಹಾಗೆ ಹಣ್ಣಿನ ಬುಟ್ಟಿ ಹಿಡಿದು, ಗಂಟೆ ಒತ್ತಿ ಬನ್ನಿ ಎಂದಿದ್ದೇನೆ. ನಿನ್ನೆ ಪೇಟೆಗೆ ಹೋಗಿ ಲಿಪ್‌ಸ್ಟಿಕ್ ಕೊಂಡೆ, ಕೆಂಪು. ಇದೊಂದನ್ನು ಮಾತ್ರ ಟೀವಿಗೆ ಹಾಕಬೇಡ.