ಗಂಗೊಳ್ಳಿ ಕಡಲಿನ ಕರಿಹವಳ

ಕಡಲೇರಿದ ನೂರ ತೊಂಬತ್ತನೆಯ ವರ್ಷ, ಕಾರ್ತಿಕ

ಹಿರಿಯರೇ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಮೂಕಾಂಬು, ಗಂಗೊಳ್ಳಿಯ ಪದರಗಿತ್ತಿ. ಆಳಗಡಲಿನ ಹವಳ ಮರದ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ಆಯಾ ಕಾಲದ ನೀರು ಎಷ್ಟು ಬೆಚ್ಚಗಿತ್ತು, ಅದರಲ್ಲಿ ಉಸಿರೆಷ್ಟಿತ್ತು ಎಂಬುದರ ಗುರುತು ಆ ಪದರಗಳಲ್ಲಿ ಉಳಿಯುತ್ತದೆ. ಅದನ್ನು ಓದುವುದು ನನ್ನ ಕಸುಬು.

ನಿಮ್ಮ ಬಂದರು ಈಗ ನೀರಿನಡಿ ಇದೆ. ಅದರ ಮೇಲೆ ತೇಲುಕೇರಿಗಳಲ್ಲಿ, ಅಂದರೆ ಒಂದಕ್ಕೊಂದು ಬಿಗಿದ ತೆಪ್ಪಗಳಲ್ಲಿ, ನಮ್ಮ ಬದುಕು. ನಮ್ಮ ಒಲೆಗಳು ಅಲೆಯ ಬಲದಿಂದ ಕಾಯುತ್ತವೆ. ಬೆಳಗಿನ ಗಂಜಿಗೆ ಪಾಚಿಯ ಚಟ್ನಿ. ಮೀನು ಮಾತ್ರ ನನ್ನ ಮದುವೆಯ ಹೊತ್ತಿಗೇ ಇಲ್ಲವಾಗಿತ್ತು. ಆಳದ ಉಸಿರುಗೆಟ್ಟ ನೀರು ದಡದವರೆಗೂ ಏರಿ ಬಂದಿತ್ತು. ಅದನ್ನು ಸತ್ತನೀರು ಎನ್ನುತ್ತೇವೆ. ಕೇರಿ ಬಿಟ್ಟು ಘಟ್ಟ ಹತ್ತುವುದೆಂದು ಸಭೆ ಇನ್ನೇನು ತೀರ್ಮಾನಿಸುವುದರಲ್ಲಿತ್ತು.

ನನ್ನ ಅತ್ತೆ ಬಚ್ಚಿ ದೋಣಿ ನಡೆಸಿಯೇ ಹಣ್ಣಾದವರು. ಸಭೆಯ ನಡುವೆ ಎದ್ದು ನಿಂತು, "ಹೆಣೆ ಮೂಕಾಂಬು, ಈ ಕಡ್ಲ್ ಹಿಂದೆ ಯಾವಾಗಾರೂ ಸತ್ತ್ ಬದ್ಕಿತ್ತಾ? ಅದೊಂದ್ ಹೇಳ್. ಮತ್ತೆ ಘಟ್ಟಕ್ ಹ್ವಾಪ," ಎಂದರು.

ಹವಳದಲ್ಲಿ ಅದರ ಗುರುತಿದ್ದೀತೆಂದು ಯಂತ್ರ ಇಳಿಸಿ ಕಡಲಡಿಯ ಗುಡ್ಡವನ್ನು ಹುಡುಕಿದೆ. ಬಹುಪಾಲು ಮುರಿದ ಬುಡಗಳೇ ಇದ್ದವು. ಭಾರದ ಬಲೆಗಳು ಎಳೆದುಹೋದ ಗೀರುಗಳು ಇನ್ನೂ ಮಾಸಿರಲಿಲ್ಲ. ಆ ಬುಡಗಳ ಕತೆ ನಿಮ್ಮ ಕಾಲಕ್ಕೇ ನಿಂತುಹೋಗಿತ್ತು. ಸತ್ತನೀರಿನಲ್ಲಿ ಹೇಗೆ ಉಳಿದಿತ್ತೋ, ಒಂದೇ ಒಂದು ಕರಿಹವಳ ಜೀವಂತವಾಗಿ ನಿಂತಿತ್ತು. ಅದನ್ನು ಕಡಿದರೆ ಸತ್ತೀತೆಂದು ನನ್ನ ಕೈ ಓಡಲಿಲ್ಲ.

ಪಕ್ಕದಲ್ಲೇ ಕುಳಿತು ಯಂತ್ರದ ಚಿತ್ರತೆರೆ ನೋಡುತ್ತಿದ್ದ ಅತ್ತೆ, "ಒಂದ್ ಗೆಲ್ಲ್ ಸಾಕ್. ಬುಡ ಮುಟ್ಬ್ಯಾಡ," ಎಂದರು.

ಕಡಿದು ತಂದ ಆ ಕೊಂಬೆಯ ಒಳಪದರ ನಿಮ್ಮ ಕಾಲದ್ದು. ಅಲ್ಲಿಂದಾಚೆಗೆ ನೀರು ಬೆಚ್ಚಗಾಗುತ್ತ, ಉಸಿರು ಕಡಿಮೆಯಾಗುತ್ತ ಹೋಗಿದೆ. ಆದರೆ ನಿಮ್ಮ ಮರಿಮಕ್ಕಳ ಕಾಲದಲ್ಲಿ, ಒಂದು ತಲೆಮಾರಿನಷ್ಟು ಅಗಲಕ್ಕೆ, ಕಡಲು ಮತ್ತೆ ಉಸಿರಾಡಿತ್ತು! ಹೊಳೆಗಳಿಗೆ ಕೊಳಕು ಬಿಡುವುದನ್ನು ಜನ ನಿಲ್ಲಿಸಿದ್ದ ಕಾಲವದು. ಮತ್ತೆ ಬಿಡತೊಡಗಿದರು, ಕಡಲು ಮತ್ತೆ ಸತ್ತಿತು.

ಇದನ್ನು ಕೇಳಿದ ಮೇಲೂ ಅರ್ಧ ಕೇರಿ ಘಟ್ಟ ಹತ್ತಿತು. ನನ್ನ ತಂಗಿಯೂ ಹೋದಳು. ಉಳಿದವರು ಹೊಳೆಗುಂಟ ಮೇಲಕ್ಕೆ ಹೋಗಿ ಕೊಳಕು ಬಿಡಬೇಡಿರೆಂದು ಊರೂರಿನಲ್ಲಿ ಕೈಮುಗಿದೆವು. ಮುಂದಿನ ದೋಣಿಯಲ್ಲಿ ಅತ್ತೆ. ಕೆಲವರು ಬೈದು ಅಟ್ಟಿದರು, ಬಹಳ ಮಂದಿ ಕೇಳಿದರು. ವರ್ಷಗಳು ಹಿಡಿದವು. ಅತ್ತೆ ತೀರಿಕೊಂಡ ಮರುವರ್ಷ ಮಳೆಗಾಲ ಮುಗಿದಾಗ ಬಲೆಯಲ್ಲಿ ಬಂಗುಡೆ ಮಿನುಗಿತು, ಒಂದು ಹಿಡಿಯಷ್ಟು. ಯಾರೂ ತಿನ್ನಲಿಲ್ಲ. ಮಕ್ಕಳು ಮುಟ್ಟಿ ನೋಡಿ ನೀರಿಗೆ ಬಿಟ್ಟರು. ನಾನು ಅತ್ತೆಯನ್ನು ನೆನೆದು ಕಣ್ಣೀರಿಟ್ಟೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನೀವೂ ಮಕ್ಕಳ ಹೊಟ್ಟೆ ತುಂಬಿಸಬೇಕಿತ್ತು, ಬಲ್ಲೆ. ಬೇಡಿಕೆ ಒಂದೇ. ಆ ಹವಳದ ಪಕ್ಕದಲ್ಲಿ ಅದಕ್ಕಿಂತ ದಪ್ಪನೆಯ ಬುಡವೊಂದು ಮುರಿದು ನಿಂತಿದೆ. ಮುರಿದದ್ದು ನಿಮ್ಮ ದಿನಗಳಲ್ಲಿ. ಇಂಥದೇ ವರ್ಷವೆಂದು ಹೇಳಲಾರೆ. ಈ ಕಾಗದ ಅದಕ್ಕೂ ಮೊದಲೇ ನಿಮ್ಮ ಕೈಸೇರಿದರೆ, ಆ ಗುಡ್ಡದ ಹತ್ತಿರ ಬಲೆಯನ್ನು ಸ್ವಲ್ಪ ಮೇಲೆತ್ತಿಕೊಂಡು ದಾಟಿ.

ನಿಮ್ಮ ಕುಡಿ,
ಮೂಕಾಂಬು